ತಾಮ್ರದ ಹೆಣಿಗೆ

ಕಲಾಶಾಲೆಯಲ್ಲಿ ಅವಳನ್ನು ಎಲ್ಲರೂ ಗುಜರಿ ಎಂದೇ ಕರೆಯುತ್ತಿದ್ದರು. ಅವಳ ಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಮುರಿದ ಕುರ್ಚಿಯ ಕಾಲು, ಸೈಕಲ್ ಚೈನು, ಒಡೆದ ಕನ್ನಡಿಯ ಚೂರು ಇರುತ್ತಿದ್ದವು. ಮರ, ಲೋಹ, ಬಟ್ಟೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿ ಶಿಲ್ಪ ಮಾಡುವುದು ಅವಳ ಹುಚ್ಚು. ಅಡ್ಡಹೆಸರಿಗೆ ಅವಳು ಬೇಸರಪಟ್ಟವಳಲ್ಲ. ಬೇಸರವಾದದ್ದು ಶಿಲ್ಪಕಲೆಯ ಮೇಡಂ ಒಂದು ದಿನ ಅವಳ ಕೆಲಸದ ಸುತ್ತ ನಿಧಾನವಾಗಿ ನಡೆದು ಬಂದು ಹೇಳಿದ ಮಾತಿಗೆ.

"ಚೆನ್ನಾಗೇ ಅಂಟಿಸಿದೀಯ. ಆದ್ರೆ ಚೈನು ಇಲ್ಲದಿದ್ರೂ ಮರಕ್ಕೇನೂ ಆಗಲ್ಲ, ಮರ ಇಲ್ಲದಿದ್ರೂ ಚೈನಿಗೇನೂ ಆಗಲ್ಲ. ಒಂದೇ ಬಸ್ಸಲ್ಲಿ ಕೂತಿರೋ ಅಪರಿಚಿತರ ಥರ ಇವೆ."

ಜೊತೆಯವರು ನಕ್ಕರು. ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಮಾತ್ರ ಚೀಲವನ್ನು ಮೂಲೆಗೆಸೆದು ಗುಮ್ಮನೆ ಕೂತಳು.

ಮನೆಯಲ್ಲಿ ಆಗಲೇ ಇನ್ನೊಬ್ಬರು ಗುಮ್ಮನೆ ಕೂತಿದ್ದರು. ಅಜ್ಜಿ ಸ್ಟೂಲು ಹತ್ತಿ ಕಿಟಕಿಯ ಪರದೆ ತೆಗೆಯಲು ಹೋಗಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು. ಅವರ ಸಂಕಟ ನೋವಿನದಲ್ಲ, ಹೆಣಿಗೆಯದು. ಟೀವಿ ನೋಡುವಾಗ, ಫೋನಿನಲ್ಲಿ ಮಾತಾಡುವಾಗ, ಕೊನೆಗೆ ಮಗಳೊಡನೆ ಜಗಳಾಡುವಾಗ ಕೂಡ ಅಜ್ಜಿಯ ಕೈ ತನ್ನ ಪಾಡಿಗೆ ತಾನು ಹೆಣೆಯುತ್ತಿತ್ತು. ಈಗ ಅರ್ಧಕ್ಕೆ ನಿಂತ ನೀಲಿ ಸ್ವೆಟರು ಕಡ್ಡಿಗಳ ಸಮೇತ ಬುಟ್ಟಿಯಲ್ಲಿ ಬಿದ್ದಿತ್ತು.

ಪ್ಲಾಸ್ಟರು ತೆಗೆಸುವ ದಿನ ಅಮ್ಮನಿಗೆ ರಜೆ ಸಿಗಲಿಲ್ಲ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದವಳು ಮೊಮ್ಮಗಳೇ. ಯಂತ್ರ ಗುಂಯ್‌ಗುಡುತ್ತ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿತು. ಒಳಗಿಂದ ಹೊರಬಂದ ಕೈ ಸೊರಗಿ ಸಣ್ಣಗಾಗಿತ್ತು.

"ಇದ್ಯಾರ ಕೈಯೇ? ನಂದಂತೂ ಅಲ್ಲ," ಎಂದರು ಅಜ್ಜಿ.

ಮೊಮ್ಮಗಳು ಪ್ಲಾಸ್ಟರಿನ ಹೋಳುಗಳನ್ನು ನೋಡುತ್ತಿದ್ದಳು. ಹೆಬ್ಬೆರಳ ಬುಡದ ಉಬ್ಬು, ಮಣಿಕಟ್ಟಿನ ತಿರುವು ಒಳಮೈಯಲ್ಲಿ ಹಾಗೇ ಉಳಿದಿದ್ದವು.

"ಸಿಸ್ಟರ್, ಅದನ್ನ ನಂಗೆ ಕೊಡ್ತೀರಾ?"

"ಯಾಕಮ್ಮಾ? ನಾತ ಹೊಡೀತಿದೆ."

"ಕೊಟ್ಬಿಡಿ ತಾಯಿ," ಎಂದರು ಅಜ್ಜಿ. "ಬಿಟ್ರೆ ಇವಳು ನನ್ನನ್ನೂ ಎಲ್ಲಾದ್ರೂ ಅಂಟಿಸಿ ನಿಲ್ಲಿಸ್ತಾಳೆ."

ಹೋಳುಗಳನ್ನು ಬಿಸಿಲಿಗಿಟ್ಟು ಒಣಗಿಸಿದಳು. ಆ ಪೊಳ್ಳಿನಿಂದ ಏನೋ ಹೊರಗೆ ಇಳಿದು ಬರಬೇಕು ಎಂದು ಅವಳಿಗೆ ಅನಿಸುತ್ತಿತ್ತು. ಬುಟ್ಟಿಯ ಸ್ವೆಟರು ಕಣ್ಣಿಗೆ ಬಿತ್ತು. ಅದನ್ನು ಶಿಲ್ಪಕ್ಕೆ ಕೊಡುವಂತೆ ಅಜ್ಜಿಯನ್ನು ಕೇಳಿಯೇ ಬಿಟ್ಟಳು.

ಅಜ್ಜಿ ಕೆರಳಿದರು. "ಅದು ಇನ್ನೂ ಜೀವ ಇರೋ ಸ್ವೆಟರು ಕಣೇ! ಅದನ್ನ ನಾನೇ ಮುಗಿಸ್ತೀನಿ."

ಆದರೆ ಕೈ ಕೇಳಲಿಲ್ಲ. ಬೆರಳು ಮಡಚುತ್ತಿರಲಿಲ್ಲ. ನುಣುಪಾದ ಉಲ್ಲನ್ ನೂಲು ಜಾರುತ್ತಿತ್ತು, ಒಂದು ಕುಣಿಕೆ ತಪ್ಪಿದರೆ ಕೆಳಗಿನವೂ ಸರಸರನೆ ಬಿಚ್ಚಿಕೊಳ್ಳುತ್ತಿದ್ದವು. ಒಂದು ಸಂಜೆ ಅಜ್ಜಿ ಕಡ್ಡಿಗಳನ್ನು ನೆಲಕ್ಕೆ ಬಿಸಾಡಿ, "ಮುಗೀತು ಬಿಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮೊಮ್ಮಗಳು ಬಿದ್ದ ಕಡ್ಡಿಗಳನ್ನು ಆಯ್ದು ಬುಟ್ಟಿಗಿಟ್ಟಳು. ಆಸ್ಪತ್ರೆಯಲ್ಲಿ ಅಜ್ಜಿಯ ಸೊರಗಿದ ಕೈಯನ್ನು ನೋಡದೆ ತಾನು ಬರೀ ಪ್ಲಾಸ್ಟರನ್ನೇ ನೋಡುತ್ತ ನಿಂತದ್ದು ಕಣ್ಣ ಮುಂದೆ ಬಂತು.

ಮರುದಿನ ಸೋದರಮಾವನ ಅಂಗಡಿಗೆ ಹೋದಳು. ಮಾವ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ. ಸುರುಳಿಗಳಲ್ಲಿ ಉಳಿದ ಕೂದಲೆಳೆಯಂಥ ತಾಮ್ರದ ತಂತಿಯನ್ನು ಕೇಳಿ ತಂದು ಅಜ್ಜಿಯ ಮುಂದಿಟ್ಟಳು.

"ಇದು ಬಗ್ಗಿಸಿದ ಕಡೆ ನಿಲ್ಲುತ್ತೆ, ಜಾರಲ್ಲ. ಹೆಣೀತೀಯಾ?"

"ಕೆಟ್ಟು ಕೂತ್ರೆ?"

"ಕೆಡ್ಲಿ ಬಿಡು. ಹೆಂಗಿದ್ರೂ ಗುಜರಿಗೆ ತಾನೆ?"

ಅಜ್ಜಿ ಸ್ವಲ್ಪ ಹೊತ್ತು ತಂತಿಯನ್ನು ಬೆರಳ ನಡುವೆ ತಿರುವಿದರು. "ಗುಜರಿಗಾದ್ರೆ ಹೆದರಿಕೆ ಇಲ್ಲ," ಎಂದು ಕಡ್ಡಿ ಎತ್ತಿಕೊಂಡರು.

ಮೊದಲ ಸಾಲುಗಳು ನೋಡುವ ಹಾಗಿರಲಿಲ್ಲ. ಒಂದು ಕುಣಿಕೆ ಬಾಯಿ ತೆರೆದಿದ್ದರೆ ಪಕ್ಕದ್ದು ಮುದುಡಿಕೊಂಡಿತ್ತು. ದಿನಕ್ಕೆ ಇಷ್ಟಿಷ್ಟೇ ಹೆಣೆದು ಕೈಯನ್ನು ಬಿಸಿನೀರಲ್ಲಿ ಅದ್ದಿ ಕೂರುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಕೂತು ಪ್ಲಾಸ್ಟರಿನ ಅಂಚಿಗೆ ದಬ್ಬಳದಿಂದ ತೂತು ಕೊರೆಯುತ್ತಿದ್ದಳು. ಒಳಗೆ ಬ್ಯಾಂಡೇಜಿನ ಬಟ್ಟೆ ಇದ್ದುದರಿಂದ ಅಂಚು ಪುಡಿಯಾಗಲಿಲ್ಲ. ಅಂಟಿನ ಡಬ್ಬಿಯನ್ನು ಅವಳು ಮುಟ್ಟಲೇ ಇಲ್ಲ. ಹೆಣಿಗೆಯ ಮೊದಲ ಸಾಲನ್ನು ಆ ತೂತುಗಳಿಗೇ ಪೋಣಿಸಿದಳು. ವಾರಗಳು ಕಳೆದಂತೆ ಹೆಣಿಗೆ ಕೆಳಕ್ಕಿಳಿಯಿತು, ಕುಣಿಕೆಗಳು ಒತ್ತೊತ್ತಾದವು. ಒಂದು ದಿನ ಅಜ್ಜಿ ಹೆಣೆಯುತ್ತಲೇ ಅಮ್ಮನಿಗೆ ಬೈಯುವುದು ಕೇಳಿಸಿತು. ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ನಕ್ಕಳು.

ಪ್ಲಾಸ್ಟರಿನಿಂದ ತಾಮ್ರದ ಹೆಣಿಗೆ ಇಳಿಬಿದ್ದ ಆ ಶಿಲ್ಪವನ್ನು ಕಲಾಶಾಲೆಯ ಗೋಡೆಗೆ ತೂಗುಹಾಕಿದಾಗ ಮೇಡಂ ಬಹಳ ಹೊತ್ತು ನೋಡಿದರು.

"ಮೇಲೆ ಇಷ್ಟು ಸಡಿಲ, ಕೆಳಗೆ ಇಷ್ಟು ಬಿಗಿ. ಯಾಕೆ?"

"ಅಲ್ಲಿಂದ ಇಲ್ಲಿಗೆ ಬರೋವಷ್ಟರಲ್ಲಿ ಅಜ್ಜಿ ಕೈ ವಾಸಿಯಾಯ್ತು ಮೇಡಂ."

ಮೇಡಂ ವಾರ್ಷಿಕ ಪ್ರದರ್ಶನಕ್ಕೆ ಅದನ್ನು ಬಾಗಿಲ ಎದುರಿನ ಗೋಡೆಗೆ ಹಾಕಿಸಿದರು.

ಪ್ರದರ್ಶನಕ್ಕೆ ಬಂದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮೇಲಿನ ಸಾಲು ನೋಡಿದ್ದೇ ಮುಖ ಸಿಂಡರಿಸಿದರು. "ಅಯ್ಯೋ, ಇಷ್ಟು ಜನರ ಮುಂದೆ ಇದನ್ನ ಇಟ್ಟಿದೀಯಲ್ಲೇ! ತಗೊಂಡ್ಬಾ, ಬಿಚ್ಚಿ ಹೊಸದಾಗಿ ಹಾಕ್ಕೊಡ್ತೀನಿ."

"ಅಜ್ಜಿ, ದಮ್ಮಯ್ಯ, ಮುಟ್ಬೇಡ!"

ಅಷ್ಟರಲ್ಲಿ ಮುರಿದ ಕೈಯನ್ನು ಪಟ್ಟಿಯಿಂದ ಕೊರಳಿಗೆ ತೂಗುಹಾಕಿಕೊಂಡ ನಡುವಯಸ್ಸಿನವರೊಬ್ಬರು ಈ ಮಾತು ಕೇಳಿ ಹತ್ತಿರ ಬಂದರು. ಹೆಣಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅಜ್ಜಿಯ ಕೈ ನೋಡಿ, ಸಂಕೋಚದಿಂದಲೇ ಕೇಳಿದರು: "ಅಮ್ಮಾ, ಬೆರಳು ಪೂರ್ತಿ ಮಡಚೋಕೆ ಬರುತ್ತಾ ಈಗ?"

"ಬರದೆ ಏನು? ಇಲ್ಲಿ ಕೂತ್ಕೊಳ್ಳಪ್ಪ, ತೋರಿಸ್ತೀನಿ."

ಇಬ್ಬರೂ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು. ಅಜ್ಜಿ ಮುಷ್ಟಿ ಕಟ್ಟಿ ಬಿಚ್ಚಿದರು, ಅವರು ಪಟ್ಟಿಯೊಳಗಿಂದಲೇ ಬೆರಳಾಡಿಸಿದರು. ಸುತ್ತ ಬಂದುಹೋಗುವ ಜನರ ಪರಿವೆಯೇ ಅವರಿಗಿರಲಿಲ್ಲ. ಮೊಮ್ಮಗಳು ನೀರು ತರಲು ಹೊರಟವಳು ಅಲ್ಲೇ ನಿಂತು ನೋಡುತ್ತಿದ್ದಳು.