ಚುಕ್ಕಿ ಮಸುಕೋ, ಕಣ್ಣು ಮಸುಕೋ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಮೂರನೇ ಮಹಡಿಯ ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಚುಕ್ಕಿ ಅಕ್ಕ ಕೂತಿದ್ದಾರೆ. ಬೀದಿ ದೀಪ ಕಣ್ಣಿಗೆ ಹೊಡೆಯದಿರಲೆಂದು ಬಟ್ಟೆ ಒಣಹಾಕುವ ಹಗ್ಗಕ್ಕೆ ಹಳೆ ಕಂಬಳಿ ಇಳಿಬಿಟ್ಟಿದ್ದಾರೆ. ಪುಟ್ಟ ದೂರದರ್ಶಕಕ್ಕೆ ಬಲಗಣ್ಣು ಹಚ್ಚಿದ್ದಾರೆ. ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ಯಜಮಾನರು, ತೊಡೆಯ ಮೇಲೆ ನೋಟ್‌ಬುಕ್.

“ಆರು ಪಾಯಿಂಟ್ ಒಂಬತ್ತು,” ಎನ್ನುತ್ತಾರೆ ಅಕ್ಕ. ಯಜಮಾನರು ಬರೆದುಕೊಳ್ಳುತ್ತಾರೆ. ಅಕ್ಕನ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ.

ಹಗಲಲ್ಲಿ ಅಕ್ಕ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೆಲಸಗಾರ್ತಿ. ಹೊಸ ಬಟ್ಟೆಯನ್ನು ಮಾದರಿ ತುಂಡಿನ ಪಕ್ಕ ಹಿಡಿದು ಬಣ್ಣ ಒಂದೇ ಹೌದೋ ಅಲ್ಲವೋ ಹೇಳುವುದು ಅವರ ಕೆಲಸ. ಜಾವದಲ್ಲೂ ಅದೇ ಕೆಲಸ, ಬಟ್ಟೆಯ ಬದಲು ಹೊಳಪು ಬದಲಾಯಿಸುವ ನಕ್ಷತ್ರಗಳು. ಅಕ್ಕಪಕ್ಕದಲ್ಲಿ ಹೊಳಪು ಬದಲಾಗದ ಎರಡು ತಾರೆಗಳನ್ನು ಹಿಡಿದುಕೊಳ್ಳಬೇಕು. ನಮ್ಮ ಚುಕ್ಕಿ ಒಂದಕ್ಕಿಂತ ಎಷ್ಟು ಮಸುಕು, ಇನ್ನೊಂದಕ್ಕಿಂತ ಎಷ್ಟು ಪ್ರಕಾಶ ಎಂದು ಅಳೆದು ಅಂಕಿ ಹೇಳಬೇಕು. ಅಂಕಿ ಏರಿದರೆ ಚುಕ್ಕಿ ಮಸುಕಾದಂತೆ.

ದಿನಕ್ಕೆ ಆರು ಚುಕ್ಕಿ, ಇಪ್ಪತ್ತಮೂರು ವರ್ಷ, ಮೋಡದ ದಿನಗಳನ್ನು ಕಳೆದು ಹದಿನೇಳು ಸಾವಿರ ಚಿಲ್ಲರೆ ಅಂಕಿ. ಎಲ್ಲವೂ ದೂರದ ವೀಕ್ಷಣಾಲಯಕ್ಕೆ ಹೋಗುತ್ತವೆ. ನೋಟ್‌ಬುಕ್ಕಿನಲ್ಲಿ ಒಂದು ಮನೆಯೂ ಖಾಲಿಯಿಲ್ಲ. ಅಂಕಿ ಇರಬೇಕು, ಇಲ್ಲವೇ ‘ಮೋಡ’ ಎಂಬ ಎರಡಕ್ಷರ. ಬರೆಯುವವರು ನಿವೃತ್ತ ಬಸ್ ಕಂಡಕ್ಟರ್. “ನಾನು ಹುಬ್ಬು ಹಾರಿಸಿದ್ರೂ ಇವಳ ಅಂಕಿ ಅಲುಗಾಡುತ್ತಂತೆ. ಅದಕ್ಕೇ ನನ್ನನ್ನ ಹಿಂದೆ ಕೂರಿಸಿದ್ದಾಳೆ,” ಎಂದು ದೂರುತ್ತಾರೆ.

ಇಂದು ಅವರ ಹುಬ್ಬು ಇಳಿದೇ ಇದೆ. ಒಂಬತ್ತು ವರ್ಷ ಆರರ ಅಂಕಿಯಲ್ಲೇ ಗಟ್ಟಿಯಾಗಿ ನಿಂತಿದ್ದ ಈ ಚುಕ್ಕಿಯ ಹೊಳಪು ಎಂಟು ದಿನಗಳಿಂದ ಕುಸಿಯುತ್ತಿದೆ. ತನ್ನದೇ ಮಸಿಯಲ್ಲಿ ತಾನೇ ಮುಚ್ಚಿಹೋಗುವ ಜಾತಿಯದು, ಮುನ್ಸೂಚನೆ ಕೊಡುವುದಿಲ್ಲ. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದು ಇದಕ್ಕೇ. ಆದರೆ ಎಂಟು ದಿನದ ಅಂಕಿಗಳನ್ನು ಅವರು ಯಾರಿಗೂ ಕಳಿಸಿಲ್ಲ. ಬಲಗಣ್ಣಿಗೆ ಪೊರೆ ಬಂದಿದೆ. ನಾಳೆ ಆಪರೇಷನ್. ಎಡಗಣ್ಣು ಮೊದಲಿಂದಲೂ ಅಷ್ಟಕ್ಕಷ್ಟೆ.

ಪೊರೆ ಬಂದರೆ ಎಲ್ಲ ಚುಕ್ಕಿಯೂ ಒಟ್ಟಿಗೇ ಮಸುಕಾಗಬೇಕಲ್ಲವೇ ಎಂದು ನಾನು ಜಾಣತನ ತೋರಿಸುತ್ತೇನೆ.

“ಪೊರೆ ಎಲ್ಲಾ ಬಣ್ಣಾನೂ ಒಂದೇ ಥರ ಮುಚ್ಚಲ್ಲ ಕಣಪ್ಪಾ. ಹೋದ ವಾರ ಕಾರ್ಖಾನೇಲಿ ಎರಡು ಹಳದಿ ಒಂದೇ ಅಂದೆ. ಅಲ್ಲವಂತೆ. ಅವತ್ತಿಂದ ಕೈಕಾಲೇ ಆಡ್ತಿಲ್ಲ. ಈ ಚುಕ್ಕೀನೂ ಹಳದೀನೇ.” ಮತ್ತೆ ಹೇಳುತ್ತಾರೆ: “ಕಣ್ಣು ಹೋಗುತ್ತೆ ಅಂತ ಹೆದರಿಕೆ ಇದ್ದೇ ಇದೆ. ಅದಕ್ಕಿಂತ, ಸುಳ್ಳು ಬರೆಸ್ತಿದ್ದೀನೇನೋ ಅಂತ ಜಾಸ್ತಿ ಹೆದರಿಕೆ. ಎಷ್ಟು ವರ್ಷದಿಂದ ಸುಳ್ಳೋ, ಯಾರಿಗ್ಗೊತ್ತು?”

ಪೂರ್ವದಲ್ಲಿ ಬೆಳಕು ಹರಿಯುತ್ತಿದೆ. ಇನ್ನು ಹತ್ತು ನಿಮಿಷ ಕಳೆದರೆ ಏನೂ ಕಾಣದು.

ಆಗ ಯಜಮಾನರು ಬಾಯಿಬಿಡುತ್ತಾರೆ. “ಅದರ ಮೇಲ್ಗಡೆ ಮೂರು ಚುಕ್ಕಿ ಸಾಲಿದ್ಯಲ್ಲ, ಅದರಲ್ಲಿ ಕೊನೇದು ಎಷ್ಟು ಹೇಳು.”

“ಅದ್ಯಾಕ್ರೀ? ಅದನ್ನ ನಾನು ಯಾವತ್ತೂ ಅಳೆದೇ ಇಲ್ಲ.”

“ಅದಕ್ಕೇ ಕೇಳಿದ್ದು.”

ಅವರು ಎರಡು ದಿನ ನಕ್ಷೆ, ಪಟ್ಟಿಗಳನ್ನೆಲ್ಲ ಜಾಲಾಡಿ ಹುಡುಕಿದ ತಾರೆ ಅದು. ಅದೇ ಹಳದಿ, ಆದರೆ ಎಂದೂ ಹೊಳಪು ಬದಲಿಸದು. ಸರಿಯುತ್ತರ ಅವರ ಅಂಗೈಯಲ್ಲಿದೆ, ಪೆನ್ನಿನಲ್ಲಿ ಬರೆದು ಮುಷ್ಟಿ ಬಿಗಿದಿದ್ದಾರೆ. ಅಕ್ಕ ನೋಡುತ್ತಾರೆ, ಕಣ್ಣು ತೆಗೆಯುತ್ತಾರೆ, ಮತ್ತೆ ನೋಡುತ್ತಾರೆ.

“ಏಳು... ಏಳು ಪಾಯಿಂಟ್ ಒಂದು.”

ಯಜಮಾನರು ಎದ್ದು ಬಂದು ಕೆಂಪು ಕಾಗದ ಸುತ್ತಿದ ಟಾರ್ಚಿನಡಿ ಅಂಗೈ ಬಿಚ್ಚುತ್ತಾರೆ. ಬೆವರಿಗೆ ಶಾಯಿ ಕದಡಿದ್ದರೂ ಓದಬಹುದು. ಏಳು ಪಾಯಿಂಟ್ ಒಂದು.

“ಹಾಗಾದ್ರೆ ಮಸುಕಾಗ್ತಿರೋದು ನಮ್ಮ ಚುಕ್ಕೀನೇ, ನನ್ನ ಕಣ್ಣಲ್ಲ,” ಎನ್ನುತ್ತಾರೆ ಅಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಅಲ್ಲೇ ಫೋನಿನಲ್ಲಿ ಎಂಟೂ ದಿನದ ಅಂಕಿ ಜೊತೆಗೆ ಇವತ್ತಿನದನ್ನೂ ಕಳಿಸುತ್ತಾರೆ. ತಡಮಾಡಿದ್ದೇಕೆ ಎಂಬುದನ್ನೂ ಬರೆಯುತ್ತಾರೆ.

ಭಯವೇನೂ ಪೂರ್ತಿ ಇಳಿದಿಲ್ಲ. ಮೆಟ್ಟಿಲಿಳಿಯುವಾಗ ಅವರು ಗೋಡೆ ಹಿಡಿದೇ ಇಳಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ, “ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ಆ ಚುಕ್ಕಿ ನೋಡ್ಬೇಕು. ಇವರ ಮುಖ ಆಮೇಲೆ ನೋಡ್ಕೊಂಡ್ರಾಯ್ತು,” ಎಂದು ನಗಿಸುತ್ತಾರೆ.

ಯಜಮಾನರು ನಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ನಾಳೆಯ ಖಾಲಿ ಮನೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳುತ್ತಾರೆ: “ಅಲ್ಲೀವರೆಗೂ ಮೋಡ ಅಂತ ಬರೆದುಬಿಡ್ಲಾ? ಯಾರಿಗೂ ಗೊತ್ತಾಗಲ್ಲ.”

“ಮೋಡ ಇಲ್ದೇ ಇದ್ರೆ ಮೋಡ ಅಂತ ಯಾಕ್ರೀ ಬರೀತೀರಿ?” ಎನ್ನುತ್ತಾರೆ ಚುಕ್ಕಿ ಅಕ್ಕ. “ಕಣ್ಣು ಅಂತ ಬರೀರಿ.”