ಮುನ್ನೂರ ಹದಿನೈದು ಬೋರಿನ ತಕರಾರು

ನಮ್ಮ ಮಾವ ಒಂದು ರೈಫಲ್ಲು ತಗೋತೀನಿ ಅಂದಾಗ ಅತ್ತೆ ಕೇಳಿದ್ದು ಒಂದೇ ಮಾತು.

"ಯಾರ್ ಮ್ಯಾಗೆ?"

"ಕಾಗದದ ಮ್ಯಾಗೆ," ಎಂದರು ಮಾವ.

ಅತ್ತೆ ಅವರನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟುಹೋದರು. ಉಳಿದ ವಿಚಾರಣೆಯನ್ನು ನನಗೆ ಬಿಟ್ಟರು.

ಮಾವ ಎಂದರೆ ನಮ್ಮಮ್ಮನ ಅಣ್ಣ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ ಮುಗಿಸಿ, ಹೊಣಕೆರೆ ಕಡೆಯ ತಮ್ಮ ಊರಿಗೆ ಮರಳಿದವರು. ಇಲಾಖೆಯಲ್ಲಿ ಅವರ ಕೆಲಸ ನೀರಿನ ಮಟ್ಟ ನೋಡುವುದು. ಅಂದರೆ ದೂರದಲ್ಲಿ ನಿಂತ ಪಟ್ಟಿಯ ಮೇಲಿನ ಅಂಕಿಯನ್ನು ಕಣ್ಣು ಕಿರಿದು ಮಾಡಿ ಓದಿ ಬರೆದಿಡುವುದು. ನಿವೃತ್ತರಾದ ಮೇಲೆ ಸ್ನೇಹಿತರೊಬ್ಬರ ಜೊತೆ ಮೈಸೂರಿನಾಚೆಯ ಒಂದು ರೈಫಲ್ ಕ್ಲಬ್ಬಿಗೆ ಹೋದವರು, ಅಲ್ಲಿ ದೂರದ ಬಿಳಿ ಕಾಗದ ಮತ್ತು ಅದರ ನಡುವಿನ ಕಪ್ಪು ಚುಕ್ಕೆ ನೋಡಿದ್ದೇ ಮರುಳಾಗಿಬಿಟ್ಟರು. ಕ್ಲಬ್ಬಿನ ರೈಫಲ್ಲಿನಲ್ಲಿ ಹತ್ತಿರದ ಗುರಿಗೆ ಮಾತ್ರ ಹೊಡೆಯಬಹುದು. ದೂರದ ಗುರಿ ಬೇಕೆಂದರೆ ಸ್ವಂತ ರೈಫಲ್ಲು ಬೇಕು, ಅದಕ್ಕೆ ಲೈಸೆನ್ಸು ಬೇಕು, ಅದಕ್ಕೂ ಮೊದಲು ಯಾವ ಬೋರಿನದು ಅಂತ ನಿರ್ಧಾರ ಮಾಡಿಕೊಂಡು ಬನ್ನಿ ಎಂದು ಕ್ಲಬ್ಬಿನವರು ಹೇಳಿ ಕಳಿಸಿದ್ದರು.

ಬೋರು ಎಂದರೆ ನಳಿಗೆಯ ಒಳಗಿನ ಅಗಲ. ಪುಸ್ತಕದಲ್ಲಿ ಕ್ಯಾಲಿಬರ್ ಎನ್ನುತ್ತಾರೆ, ಕೋವಿ ಇಟ್ಟುಕೊಂಡವರೆಲ್ಲ ಬೋರು ಎನ್ನುತ್ತಾರೆ. ಅಳತೆ ಇಂಚಿನ ಲೆಕ್ಕದಲ್ಲಿ, ಮುಂದೆ ಒಂದು ದಶಮಾಂಶದ ಚುಕ್ಕೆ ಇಟ್ಟು. ಆ ಚುಕ್ಕೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಪಾಯಿಂಟ್ ಮುನ್ನೂರ ಹದಿನೈದು ಎನ್ನುವುದು ಬರೀ ಮುನ್ನೂರ ಹದಿನೈದಾಗುತ್ತದೆ, ಪಾಯಿಂಟ್ ಇಪ್ಪತ್ತೆರಡು ಬರೀ ಇಪ್ಪತ್ತೆರಡಾಗುತ್ತದೆ. ಆ ಚುಕ್ಕೆ ನುಂಗಿದ್ದಕ್ಕೆ ನಾವು ತೆತ್ತ ದಂಡ ಏನೆಂಬುದು ಮುಂದೆ ಗೊತ್ತಾಗುತ್ತದೆ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಮಾಡಿಕೊಂಡೇ ಬೆಳೆದವಳು. ಯಾರಾದರೂ ಏನಾದರೂ ಖಚಿತವಾಗಿ ಹೇಳಿದರೆ ನನಗೆ ಮೈ ಕಡಿಯತೊಡಗುತ್ತದೆ. ಊರಿನವರು ಇಟ್ಟ ಹೆಸರು ಲಾಯರಮ್ಮ. ನಾನು ಕಾನೂನು ಓದಿಲ್ಲ ಎಂಬ ಸಂಗತಿ ಅವರಿಗೆ ಮುಖ್ಯವಲ್ಲ. ಭಾನುವಾರ ಬಂತೆಂದರೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರದ ಮೇಲೆ ಹೋಗಿ, ಮಾವನ ಜಗಲಿಯಲ್ಲಿ ಕೂತು ಬೋರಿನ ಬಗ್ಗೆ ವಾದ ಹೂಡುವುದು ನನ್ನ ಪದ್ಧತಿಯಾಯಿತು. ಗುರಿಗೆ ಹೊಡೆಯುವ ಹುಚ್ಚು ನನಗಿರಲಿಲ್ಲ. ಮಾವ ಸುಮ್ಮಸುಮ್ಮನೆ ಒಂದು ಅಂಕಿಗೆ ಅಂಟಿಕೊಂಡಿದ್ದರು, ಅದನ್ನು ಕೀಳಬೇಕಿತ್ತು.

ಅವರು ಅಂಟಿಕೊಂಡಿದ್ದು ಮುನ್ನೂರ ಹದಿನೈದಕ್ಕೆ. ಕಾರಣ ಕೇಳಿದರೆ, ನಮ್ಮ ದೇಶದಲ್ಲೇ ತಯಾರಾಗುತ್ತದೆ, ಗುಂಡು ಸಿಗುತ್ತದೆ, ಗಟ್ಟಿ ರೈಫಲ್ಲು. ಇವು ಮೂರೂ ನಿಜ. ಆದರೆ ಅದು ಬೆಳೆಗೆ ಬೀಳುವ ಹಂದಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೋವಿ, ದೂರದ ಕಾಗದವನ್ನಲ್ಲ ಎನ್ನುವುದು ನನ್ನ ಮೊದಲ ಆಕ್ಷೇಪ. ದಪ್ಪ ಮೂತಿಯ ಭಾರದ ಗುಂಡು ದೂರ ಹೋಗುತ್ತಾ ಬೇಗ ಸೊರಗುತ್ತದೆ ಎನ್ನುವುದು ಎರಡನೆಯದು. ಸ್ನೇಹಿತರು ಮೂವತ್ತು-ಸೊನ್ನೆ-ಆರು ಎಂಬ ಇನ್ನೊಂದನ್ನು ಹೇಳಿದ್ದರು. ದೂರಕ್ಕೆ ಅದು ಚೆನ್ನ, ಆದರೆ ಅದರ ಗುಂಡು ಹುಡುಕಿಕೊಂಡು ಹೋಗುವವರ ಚಪ್ಪಲಿ ಸವೆಯುತ್ತದಂತೆ, ಹೊಡೆದಾಗ ಭುಜಕ್ಕೆ ಬೀಳುವ ಒದೆತವೂ ಜೋರು. ಅಮೆರಿಕದವರು ಮೊಬೈಲಿನಲ್ಲಿ ಆರೂವರೆ ಮಿಲಿಮೀಟರಿನ ಗುಣಗಾನ ಮಾಡುತ್ತಿದ್ದರು. ಅದನ್ನು ನೋಡುತ್ತಾ ಮಾವ ಕಣ್ಣರಳಿಸುತ್ತಿದ್ದರು. ಪಕ್ಕದೂರಿನ ಮದುವೆಯ ಊಟದ ಫೋಟೋ ನೋಡಿದ ಹಾಗೆ.

ನನ್ನ ಪಕ್ಷ ಇಪ್ಪತ್ತೆರಡು. ಚಿಕ್ಕ ಗುಂಡು, ಸಣ್ಣ ಸದ್ದು, ಒದೆತವೇ ಇಲ್ಲ. ನೂರು ಮೀಟರು ದಾಟಿತೆಂದರೆ ಅದು ಬಾಗುತ್ತದೆ, ಗಾಳಿ ತಳ್ಳಿದ ಕಡೆಗೆ ಸರಿಯುತ್ತದೆ. ಮಾವ ಇದನ್ನೇ ದೋಷ ಎನ್ನುತ್ತಿದ್ದರು. ನಾನು ಅದನ್ನೇ ಗುಣ ಎನ್ನುತ್ತಿದ್ದೆ. ದೊಡ್ಡ ಬೋರಿಗೆ ಮುನ್ನೂರು ಮೀಟರಿನಾಚೆ ಬರುವ ಕಷ್ಟವೆಲ್ಲ ಇದಕ್ಕೆ ಇನ್ನೂರರೊಳಗೇ ಬರುತ್ತದಲ್ಲ, ನಿಮಗೆ ಬೇಕಾದದ್ದು ಕಷ್ಟ ತಾನೇ, ಹತ್ತಿರದಲ್ಲೇ ಸಿಗುವಾಗ ದೂರ ಹೋಗಿ ಯಾಕೆ ತರುತ್ತೀರಿ ಎಂದು ಕೇಳುತ್ತಿದ್ದೆ. ನಿರ್ಣಾಯಕರು ಇದ್ದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇದ್ದದ್ದು ಒಂದು ಎಮ್ಮೆ.

"ಸ್ಕೂಲ್ ಮಕ್ಳು ಒಡೆಯೋದು ಕಣವ್ವ ಅದು," ಎನ್ನುತ್ತಿದ್ದರು ಮಾವ. "ನೀನು ಒಂದು ಸಲನಾರ ಕುದುರೆ ಎಳ್ದಿದ್ದೀಯಾ?"

ಕುದುರೆ ಎಂದರೆ ಕೋವಿಯ ಟ್ರಿಗರು, ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೊಕ್ಕೆ. ನಾನು ಎಳೆದಿರಲಿಲ್ಲ. ಎಳೆದವರೇ ಮಾತಾಡಬೇಕೆಂದರೆ ಸಂಸತ್ತಿನಲ್ಲಿ ಅರ್ಧ ಚರ್ಚೆ ನಿಲ್ಲುತ್ತದೆ ಎಂದೆ. ಅತ್ತೆ ಒಳಗಿನಿಂದ, ಎಳೆದವರ ಭುಜ ನೋಡಿದ್ದೀಯಾ ಎಂದು ಕೇಳಿದರು. ಹಿಂದಿನ ವಾರ ಮಾವ ಯಾರದೋ ಮುನ್ನೂರ ಹದಿನೈದನ್ನು ಹೊಡೆದು ನೋಡಿ ಬಂದಿದ್ದರಂತೆ. ಅಂದಿನಿಂದ ರಾತ್ರಿ ಉಪ್ಪಿನ ಶಾಖ, ಬೆಳಿಗ್ಗೆ ಎಡಗೈಯಲ್ಲಿ ಹಲ್ಲುಜ್ಜುವುದು. ಮಾವ ಅದು ಮಗ್ಗುಲು ತಪ್ಪಿ ಮಲಗಿದ್ದಕ್ಕೆ ಎಂದು ವಾದಿಸಿದರು. ಒಂದು ಸಲ ಊರ ಮುಂದೆ ಮುನ್ನೂರ ಹದಿನೈದು ಎಂದು ಹೇಳಿಕೊಂಡ ಮೇಲೆ ಇಪ್ಪತ್ತೆರಡಕ್ಕೆ ಇಳಿಯುವುದು ಹೇಗೆ? ಅವರ ನಿಜವಾದ ಕಷ್ಟ ಅದು.

ಮುನ್ನೂರ ಹದಿನೈದಕ್ಕೇ ಅರ್ಜಿ ಹೋಯಿತು. ಊರಿನಲ್ಲಿ ವಿಚಾರಣೆಗೆ ಪೊಲೀಸು ಬಂದು ಹೋದರು. ಅದಾದ ವಾರವೇ ಮಾವನ ಫೋನು. ದನಿ ಕುಗ್ಗಿತ್ತು. ಪಕ್ಕದ ಹೊಲದ ಗೌಡರು ತಕರಾರು ಹೇಳಿದ್ದಾರಂತೆ. ಅದು ಬಂದರೆ ನಮ್ಮ ಮನೆಯೇ ಉಳಿಯುವುದಿಲ್ಲ ಎಂದು ಗೌಡರು ಅಂದರಂತೆ. ಪೊಲೀಸರು ಅದನ್ನು ನೆರೆಯವರಿಗೆ ಪ್ರಾಣಭಯ ಇದೆ ಎಂದು ಬರೆದುಕೊಂಡಿದ್ದಾರಂತೆ. ತಕರಾರು ವಾಪಸ್ಸು ಬರದೆ ವರದಿ ಮೇಲೆ ಹೋದರೆ ಅರ್ಜಿ ಅಲ್ಲಿಗೆ ಮುಗಿಯಿತು.

ಆ ಭಾನುವಾರ ಹೋದಾಗ ಮಾವ ಜಗಲಿಯಲ್ಲಿ ಮೊಬೈಲು ಇಲ್ಲದೆ ಕೂತಿದ್ದರು. ಹುಟ್ಟಿದಾಗಿನಿಂದ ಜೊತೆಯಲ್ಲಿ ಬೆಳೆದ ಗೌಡರು ತಮ್ಮನ್ನು ಕೊಲೆಗಡುಕ ಅಂದುಕೊಂಡದ್ದು ಅವರಿಗೆ ಅರ್ಜಿಗಿಂತ ದೊಡ್ಡ ಏಟು. ಇನ್ನೊಂದು ಸಲ ಅರ್ಜಿ ಹಾಕೋಣ ಎಂದೆ. ಬೇಡ ಎಂದರು. ಆಮೇಲೆ ನಾನು ಕೇಳದೆಯೇ ಹೇಳಿದರು.

"ಮೂವತ್ತು ವರ್ಸ ದೂರದ್ ಪಟ್ಟಿ ನೋಡ್ದೆ ಕಣವ್ವ. ನೀರು ಏರುದ್ರೂ ಬರ್ಕೊಂಡೆ, ಇಳುದ್ರೂ ಬರ್ಕೊಂಡೆ. ನೋಡಾದಷ್ಟೇ. ದೂರದಲ್ಲಿರಾದ್ನ ನಾನು ಮುಟ್ಬೋದು ಅಂತ ಗೊತ್ತಾಗಿದ್ದೇ ಈಗ."

ಗೌಡರ ಹತ್ತಿರ ನಾನೇ ಮಾತಾಡುತ್ತೇನೆ, ನೀವು ಬರಬೇಡಿ ಎಂದು ಹೇಳಿ ಹೊರಟೆ.

ಗೌಡರು ತಮ್ಮ ಪಂಪ್‌ಸೆಟ್ಟಿನ ಮನೆ ಮುಂದೆ, ನೀರು ಬೀಳುವ ತೊಟ್ಟಿಯ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಆ ಸುತ್ತಿನಲ್ಲಿ ಬೇಸಿಗೆಯಲ್ಲೂ ಬತ್ತದ ನೀರು ಅವರದೊಂದೇ.

"ಬಾರವ್ವ ಲಾಯರಮ್ಮ. ನಿಮ್ಮಾವ ಕಳುಸ್ದನಾ?"

ನಾನು ದಾರಿಯಲ್ಲೇ ಜೋಡಿಸಿಕೊಂಡಿದ್ದ ಮಾತುಗಳನ್ನು ಬಿಚ್ಚಿದೆ. ಭಯ ಪಡುವುದು ಸಹಜ, ಆದರೆ ಮಾವ ಅದನ್ನು ತಗೊಳ್ಳುತ್ತಿರುವುದೇ ಮುನ್ನೂರು ಮೀಟರು ದೂರಕ್ಕೆ, ಹತ್ತಿರದವರಿಗೆ ಅದರಿಂದ ಏನೂ ಆಗುವುದಿಲ್ಲ ಎಂದೆ.

ಗೌಡರು ತಲೆಯಾಡಿಸಿದರು. ಮುನ್ನೂರು ಮೀಟರು ಯಾವ ಲೆಕ್ಕ, ಅಷ್ಟು ದೂರದಿಂದಲೂ ಎಳೆದುಬಿಡುತ್ತದೆ ಎಂದರು. ಎಳೆಯುವುದು ಎಂದಾಗ ನನಗೆ ಹೊಳೆದದ್ದು ಆ ಕುದುರೆ. ಮಾವ ಬಹಳ ಮೆಲ್ಲಗೆ ಎಳೆಯುತ್ತಾರೆ, ಉಸಿರು ಹಿಡಿದು, ಒಂದೊಂದೇ ಸಲ ಎಂದು ಸಮಾಧಾನ ಹೇಳಿದೆ. ಗೌಡರು ಬೀಡಿ ಬಾಯಿಂದ ತೆಗೆದು ನನ್ನನ್ನು ನೋಡಿದರು. ಮೆಲ್ಲಗೆ ಎಳೆದರೂ ಖಾಲಿಯಾಗುವುದು ಖಾಲಿಯಾಗುತ್ತದೆ ಎಂದರು. ಅದೂ ನಿಜವೇ. ಗುಂಡು ಖಾಲಿಯಾಗಲೇಬೇಕಲ್ಲ.

ವಾದ ಕೈ ಜಾರುತ್ತಿದೆ ಎನ್ನಿಸಿದಾಗ ಎದುರಾಳಿಗೆ ಒಂದು ಮಾತು ಬಿಟ್ಟುಕೊಡಬೇಕು ಎಂದು ನಮಗೆ ಕಲಿಸಿದ್ದರು. ಬಿಟ್ಟುಕೊಟ್ಟೆ.

"ಗೌಡ್ರೇ, ಮುನ್ನೂರ ಹದಿನೈದು ಬೇಡ ಅಂತ ನಾನೂ ಮೊದಲಿಂದ ಹೇಳ್ತಾನೇ ಇದ್ದೀನಿ. ಇಪ್ಪತ್ತೆರಡೇ ಸಾಕು."

"ಇಪ್ಪತ್ತೆರಡಾ?" ಗೌಡರು ಕಟ್ಟೆಯಿಂದ ಇಳಿದರು. "ಇಪ್ಪತ್ತೆರಡುಕ್ಕೇ ಸಿಗ್ತದಾ?"

"ಸಿಗುತ್ತೆ. ಜಾಗ ಸರಿಯಾಗಿ ನೋಡ್ಕೊಂಡ್ರೆ ಖಂಡಿತ ಸಿಗುತ್ತೆ. ಮಾವನ ಕಣ್ಣಿಗಂತೂ ಸಿಕ್ಕೇ ಸಿಗುತ್ತೆ."

ಅವರು ಮಾವನ ಹೊಲದ ಕಡೆ ತಿರುಗಿ, ಹುರುಳಿ ಒಣಗುತ್ತಿದ್ದ ಆ ಕೆಂಪು ನೆಲವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಮುಖದಲ್ಲಿ ಕೋಪ ಹೋಗಿ ಹೊಟ್ಟೆಕಿಚ್ಚು ಬಂದಿತ್ತು.

"ಅಲ್ಲ ಕಣವ್ವ, ಇಪ್ಪತ್ತೆರಡುಕ್ಕೇ ಸಿಗಂಗಿದ್ರೆ ಆ ಬಡ್ಡೈದ ಮುನ್ನೂರುಗಂಟ ಯಾಕ್ ಓಗ್ಬೇಕು?"

ಬದುವಿನಾಚೆ ಯಾರೋ ಕೆಮ್ಮಿದರು. ಬರಬೇಡಿ ಎಂದು ನಾನು ಹೇಳಿದ್ದರೂ ಮಾವ ಬಂದು, ತೆಂಗಿನ ಮರದ ಮರೆಯಲ್ಲಿ ನಿಂತಿದ್ದರು. ಮರ ತೆಳ್ಳಗಿತ್ತು, ಮಾವ ಅಲ್ಲ.

ಗೌಡರ ಮನಸ್ಸು ಆಗಲೇ ಮುಂದಕ್ಕೆ ಹೋಗಿತ್ತು. ಎಷ್ಟಿಂಚಿನ ಪೈಪು ಇಳಿಸುತ್ತಾರಂತೆ ಎಂದು ಕೇಳಿದರು. ನಾನು ಪೈಪು ಎಂದರೆ ನಳಿಗೆ ಎಂದುಕೊಂಡು, ಒಂದಿಂಚೂ ಇಲ್ಲ ಗೌಡ್ರೇ, ಒಳಗೆ ಕಿರುಬೆರಳೂ ಹೋಗುವುದಿಲ್ಲ ಎಂದೆ.

"ಬೆಳ್ಳು ಓಗ್ದಿರಾ ಪೈಪಲ್ಲಿ ಯಾವ ಮೋಟ್ರು ಬುಡ್ತಾನವ್ವ?"

ಮೋಟರು. ನಾನು ಗೌಡರನ್ನು ನೋಡಿದೆ. ಅವರ ಹಿಂದಿನ ಪಂಪ್‌ಸೆಟ್ಟು ನೋಡಿದೆ. ನೆಲದೊಳಗಿಂದ ಎದ್ದು ಬಂದ ಆ ಕಬ್ಬಿಣದ ಪೈಪು ನೋಡಿದೆ. ಬೋರು. ಈ ಸೀಮೆಯಲ್ಲಿ ಬೋರು ಎಂದರೆ ಇರುವುದು ಒಂದೇ, ಅದು ಕೊಳವೆಬಾವಿ. ಅದಕ್ಕೆ ಮುನ್ನೂರ ಹದಿನೈದು ಎಂದರೆ ಅಷ್ಟು ಅಡಿ ಆಳ.

ಕೇಳಿ ಕೇಳಿ ಎಲ್ಲ ಹೊರಬಂತು. ಅತ್ತೆ ಡೈರಿಯ ಸಾಲಿನಲ್ಲಿ ನಿಂತು, ನಮ್ಮನೆಯವರು ಬೋರು ಬೋರು ಅಂತ ತಲೆ ತಿನ್ನುತ್ತಾರೆ ಎಂದು ಗೌಡರ ಹೆಂಡತಿಯ ಹತ್ತಿರ ಗೊಣಗಿದ್ದಾರೆ. ನಾವು ಜಗಲಿಯಲ್ಲಿ ಕೂಗಾಡಿದ ಅಂಕಿಗಳೆಲ್ಲ ಬದು ದಾಟಿ ಬಂದಿವೆ. ಅದರ ಮೇಲೆ ಪೊಲೀಸಪ್ಪ ಬೈಕು ಆರಿಸದೆಯೇ, ನಿಮ್ಮ ಪಕ್ಕದವರು ಮುನ್ನೂರ ಹದಿನೈದು ಬೋರಿಗೆ ಅರ್ಜಿ ಹಾಕಿದ್ದಾರೆ, ನಿಮ್ಮದೇನಾದರೂ ತಕರಾರಿದೆಯಾ ಎಂದು ಕೇಳಿದ್ದಾರೆ. ಬೋರು ಹಾಕಿಸುವುದಕ್ಕೂ ಪೊಲೀಸರ ಅಪ್ಪಣೆ ಬೇಕಾದ ಕಾಲ ಬಂತಲ್ಲ ಎಂದು ಗೌಡರು ಸರ್ಕಾರವನ್ನು ಮನಸ್ಸಿನಲ್ಲೇ ಹೊಗಳಿ, ತಮ್ಮ ನೀರು ಎಲ್ಲಿ ಬತ್ತುತ್ತದೋ ಎಂಬ ಭಯಕ್ಕೆ, ಅದು ಬಂದರೆ ನಮ್ಮ ಮನೆ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ.

"ಕೋವಿ ಬೋರಾ?" ಎಂದರು ಗೌಡರು ಕೊನೆಗೆ. "ಅಷ್ಟೇನಾ? ಅಂಗಂತ ಮೊದ್ಲೇ ಯೋಳಾದಲ್ವಾ. ಒಂದ್ಯಾಕೆ, ಎಲ್ಡ್ ತಗೊಳ್ಲಿ ಬುಡವ್ವ."

ಪಕ್ಕದ ಹೊಲದಲ್ಲಿ ಬಂದೂಕು ಇದ್ದರೆ ನಿದ್ದೆ ಬರುತ್ತದೆ, ಕೊಳವೆಬಾವಿ ಇದ್ದರೆ ಬರುವುದಿಲ್ಲ. ಇದನ್ನು ಖಂಡಿಸಬೇಕು ಎಂದು ಬಾಯಿ ತೆರೆದೆ. ಯೋಚಿಸಿದರೆ ಗೌಡರ ಮಾತಿನಲ್ಲಿ ತಪ್ಪೇನೂ ಸಿಗಲಿಲ್ಲ.

ಅಷ್ಟು ಹೊತ್ತಿಗೆ ಮಾವ ಬದು ದಾಟಿ ಬಂದಿದ್ದರು. ಗೌಡರು ಅವರ ಭುಜಕ್ಕೆ ಒಂದು ಗುದ್ದಿದರು. ನಿನ್ನ ಬೋರಿನ ದೆಸೆಯಿಂದ ಪೊಲೀಸರ ಹತ್ತಿರ ನಿನ್ನ ಮೇಲೆ ಹೇಳಿಬಿಟ್ಟೆನಲ್ಲೋ ಎಂದು ಬೈದರು. ಗುದ್ದು ಬಿದ್ದದ್ದು ಬಲ ಭುಜಕ್ಕೆ. ಮಾವ ಹಲ್ಲು ಕಚ್ಚಿಕೊಂಡು ನಕ್ಕರು. ಆಮೇಲೆ ನಿಧಾನವಾಗಿ, ತಾವೇ ಈಗಷ್ಟೇ ಕಂಡುಹಿಡಿದ ಸತ್ಯದ ಹಾಗೆ ಹೇಳಿದರು.

"ನೀನು ಅಂದಿದ್ದು ಸರಿ ಕಣ್ಲಾ. ಇಪ್ಪತ್ತೆರಡುಕ್ಕೇ ಸಿಗಂಗಿದ್ರೆ ಮುನ್ನೂರುಗಂಟ ಯಾಕ್ ಓಗ್ಬೇಕು."

ನನಗೆ ಮೈಯೆಲ್ಲ ಉರಿಯಿತು. ಎಷ್ಟೋ ಭಾನುವಾರ ಗಾಳಿ, ದೂರ, ಗುಂಡಿನ ಬಾಗು ಎಲ್ಲವನ್ನೂ ಎದುರಿಗಿಟ್ಟು ನಾನು ಹೇಳಿದ್ದು ಇದನ್ನೇ. ಗೌಡರು ಹೇಳಿದ್ದು ನೀರಿನ ವಿಷಯ. ಅದೂ ತಪ್ಪು ತಿಳಿದುಕೊಂಡು. ಪ್ರಶಸ್ತಿ ಮಾತ್ರ ಅವರಿಗೆ. ಮಾವನಿಗೆ ಮುನ್ನೂರರಿಂದ ಇಳಿಯಲು ತಂಗಿಯ ಮಗಳ ಬುದ್ಧಿವಾದ ಸಾಲದು, ಸಮಾನ ವಯಸ್ಸಿನವನೊಬ್ಬನ ಮಾತು ಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಅನ್ನಿಸಿದ್ದು ತೊಟ್ಟಿಗೆ ಹಾರಬೇಕು ಎಂದು. ಅತ್ತೆಗೆ ವಿಷಯ ತಿಳಿದಾಗ, ಭುಜ ಬದುಕಿತು ಎಂದಷ್ಟೇ ಹೇಳಿ, ಇರಲಿ, ಆ ಇನ್ನೊಂದು ಬೋರು, ನೀರಿನದು, ಯಾವಾಗ ಎಂದು ಕೇಳಿದರು. ಮಾವ ಕೇಳಿಸದವರಂತೆ ಎಮ್ಮೆ ಕಡೆ ಹೋದರು.

ಮಾರನೆಯ ದಿನ ಗೌಡರು, ಮಾವ, ನಾನು ಮೂವರೂ ಸ್ಟೇಷನ್ನಿಗೆ ಹೋದೆವು. ಅದೇ ಪೊಲೀಸಪ್ಪ ಇದ್ದರು. ಗೌಡರು ಪಂಚೆ ಇಳಿಬಿಟ್ಟು, ತಕರಾರು ವಾಪಸ್ಸು ತಗೊಳ್ಳುತ್ತೇನೆ ಎಂದರು. ಪ್ರಾಣಭಯ ಹೋಯಿತಾ ಎಂದು ಪೊಲೀಸಪ್ಪ ಅನುಮಾನದಿಂದ ಕೇಳಿದರು.

"ಓಯ್ತು ಸಾ. ಮುನ್ನೂರ ಹದ್ನೈದು ಬುಟ್ಬುಟ್ಟ. ಇಪ್ಪತ್ತೆರಡುಕ್ಕೇ ಸಿಗ್ತದಂತೆ."

ಪೊಲೀಸಪ್ಪ ಒಂದು ಕ್ಷಣ ಪೆನ್ನು ಹಿಡಿದು ಗೌಡರನ್ನೇ ನೋಡಿದರು. ಏನು ಸಿಗುತ್ತದೆ ಎಂದು ಕೇಳಬೇಕೋ ಬೇಡವೋ ಎಂಬ ಹಾಗೆ. ಈ ವಾಕ್ಯದಲ್ಲಿ ಏನೇನು ತಪ್ಪಿದೆ ಎಂದು ಮೊದಲಿನಿಂದ ಬಿಡಿಸಿ ಹೇಳಲು ನಾನು ಬೆಂಚಿನಿಂದ ಮುಂದಕ್ಕೆ ಸರಿದೆ. ಕೆಳಗೆ ಮಾವನ ಚಪ್ಪಲಿ ಬಂದು ನನ್ನ ಪಾದದ ಮೇಲೆ ಕೂತಿತು, ಮೆಲ್ಲಗೆ, ಉಸಿರು ಹಿಡಿದು.

ಬಾಯಿ ಮುಚ್ಚಿಕೊಂಡೆ. ಪೊಲೀಸಪ್ಪ ಬರೆದುಕೊಂಡರು.