ದಂಡೆತ್ತಿ ಬರುತ್ತಿದ್ದ ಬೀಬಮ್ಮ

ಬೀಬಮ್ಮ ಎಲ್ಲಿಗೂ ಒಬ್ಬರೇ ಹೋಗುತ್ತಿರಲಿಲ್ಲ. ಹಿಂದೆ ನಾಲ್ಕು ಹೆಂಗಸರು, ಕೈಯಲ್ಲೊಂದು ಟಿಫನ್ ಕ್ಯಾರಿಯರ್ ಇರಲೇಬೇಕು. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯವರು. ಗಂಡನದು ಹಾಸಿಗೆ ಹೊಲಿಯುವ ಅಂಗಡಿ.

ಎಪ್ಪತ್ತರ ದಶಕದ ಒಂದು ಸಂಜೆ ಜಗಲಿಯ ಮೇಲೆ ಚರಿತ್ರೆ ಪಾಠ ಗಟ್ಟಿಯಾಗಿ ಓದುತ್ತಿದ್ದೆ. "ದಂಡೆತ್ತಿ ಹೋದನು" ಎಂಬಲ್ಲಿ ಅವರು ತಡೆದರು.

"ಹಂಗಂದ್ರೇನ್ ಪುಟ್ಟಿ?"

"ಸೈನ್ಯ ಕಟ್ಕೊಂಡು ಇನ್ನೊಬ್ಬ ರಾಜನ ಮೇಲೆ ಯುದ್ಧಕ್ಕೆ ಹೋಗೋದು."

"ಅಷ್ಟು ಜನಕ್ಕೆ ಊಟ?"

ಪುಸ್ತಕದಲ್ಲಿ ಊಟದ ಸುದ್ದಿಯೇ ಇರಲಿಲ್ಲ.

"ಹಸ್ಕೊಂಡು ಹೋದವ್ನು ಬೇಗ ವಾಪಸ್ ಬರ್ತಾನೆ ಕಣೇ," ಎಂದರು. ಅಂದಿನಿಂದ ದಂಡೆತ್ತುವ ಮಾತು ಅವರ ಸ್ವಂತದ್ದಾಯಿತು. ಬೀದಿ ನಲ್ಲಿ ಕೆಟ್ಟಾಗ ಪುರಸಭೆಗೆ ದಂಡೆತ್ತಿ ಹೋದರು. ಅಲ್ಲಿನ ವರಾಂಡದಲ್ಲಿ ಚಿತ್ರಾನ್ನ ಬಿಚ್ಚಿ ಗುಮಾಸ್ತನಿಗೂ ಬಡಿಸಿದರು. ತಿಂದ ಬಾಯಲ್ಲಿ ಅವನು ಆಗುವುದಿಲ್ಲ ಅನ್ನುವುದಾದರೂ ಹೇಗೆ? ಸಂಜೆಗೆ ನೀರು ಬಂತು.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ, ತುಮಕೂರಿನ ಕಾಲೇಜಿಗೆ ಬಸ್ಸಿನಲ್ಲಿ ಒಬ್ಬಳೇ ಓಡಾಡುವುದು ಬೇಡವೆಂದು ಅಪ್ಪ ಹಟ ಹಿಡಿದರು. ನನ್ನ ಓದು ಅಲ್ಲಿಗೇ ಮುಗಿಯಿತೆಂದು ನಾನು ಅತ್ತುಬಿಟ್ಟೆ. ಮಾರನೆಯ ದಿನ ಬೀಬಮ್ಮ ಬೀದಿಯ ಹೆಂಗಸರೊಂದಿಗೆ, ಬಾಳೆಹಣ್ಣು ಕಡಲೆಪುರಿ ಸಮೇತ ನಮ್ಮ ನಡುಮನೆಯಲ್ಲಿ ಬಂದು ಕೂತರು.

"ಏನ್ ಬೀಬಮ್ಮ, ಎಲ್ಲಾರೂ ಬಂದಿದೀರಿ?" ಅಪ್ಪ ಕೇಳಿದರು.

"ದಂಡೆತ್ತಿ ಬಂದಿದೀವಿ ಅಣ್ಣ. ಮೊದ್ಲು ಪುರಿ ತಿನ್ನಿ. ಮಗು ಒಬ್ಳೇ ಯಾಕೆ ಹೋಗ್ತಾಳೆ? ನಮ್ ಶಾಹೀನಾನೂ ಹೋಗ್ತಾಳೆ."

ಅಪ್ಪ ಪುರಿ ಮೆಲ್ಲುತ್ತಾ ಯೋಚಿಸಿದರು. "ಇಬ್ರಾದ್ರೆ ಸರಿ ಬುಡಿ."

ಬೀಬಮ್ಮ ಮಾತ್ರ ಏಳಲಿಲ್ಲ. ಮಗಳನ್ನು ಕಾಲೇಜಿಗೆ ಕಳಿಸುವ ವಿಷಯ ಗಂಡನಿಗೆ ಇನ್ನೂ ಹೇಳಿಯೇ ಇರಲಿಲ್ಲವಂತೆ. "ನಾಳೆ ನಮ್ಮನೆಯವ್ರ ಮೇಲೆ ದಂಡೆತ್ಬೇಕು. ನೀವೂ ಬರ್ಬೇಕು ಅಣ್ಣ."

ಬೇಡವೇ ಬೇಡ ಎಂದಿದ್ದ ನಮ್ಮಪ್ಪ ಮರುದಿನ ಕ್ಯಾರಿಯರ್ ಹಿಡಿದು ಎಲ್ಲರಿಗಿಂತ ಮುಂದೆ ನಡೆದರು. ಸಾಹೇಬರು ಹತ್ತಿಯ ರಾಶಿಯ ನಡುವೆ ಕೂತು ಉಪ್ಪಿಟ್ಟು ತಿಂದು ಒಪ್ಪಿಕೊಂಡರು. ನಾನು, ಶಾಹೀನಾ ಒಂದೇ ಸೀಟಿನಲ್ಲಿ ಕೂತು ಓಡಾಡಿ ಓದಿ, ಇಬ್ಬರೂ ಟೀಚರಾದೆವು.

ಎಂಬತ್ತರ ದಶಕದ ಕೊನೆಯಲ್ಲಿ ಬೀಬಮ್ಮ ಕುಣಿಗಲ್ಲಿನ ಮಗನ ಮನೆಯಲ್ಲಿ ಕಾಯಿಲೆ ಬಿದ್ದರು. ಗುಬ್ಬಿಯಿಂದ ಇಡೀ ಬೀದಿಯೇ ಹೊರಟಿತು. ಬಾಗಿಲ ತುಂಬ ನಿಂತ ನಮ್ಮನ್ನು ಕಂಡು ಅವರ ಮುಖ ಅರಳಿತು.

"ದಂಡೆತ್ತಿ ಬಂದಿದೀರಾ? ಊಟ ಎಲ್ಲಿ?"

ಹಿಂದೆ ನಿಂತಿದ್ದ ಅಪ್ಪ ಕ್ಯಾರಿಯರ್ ಎತ್ತಿ ತೋರಿಸಿದರು. ಬೀಬಮ್ಮ ಎರಡು ತುತ್ತು ಚಿತ್ರಾನ್ನ ತಿಂದು, "ಉಳಿದಿದ್ದು ನೀವು ತಿನ್ನಿ, ದೂರ ಹೋಗ್ಬೇಕು," ಎಂದರು.

ಅವರನ್ನು ಕಂಡಿದ್ದು ಅದೇ ಕೊನೆ. ವಾಪಸ್ ಬರುವಾಗ ಯಾರಿಗೂ ಹಸಿವಿರಲಿಲ್ಲ. ಆದರೂ ಅಪ್ಪ ಬಸ್ಸಿನಲ್ಲಿ ಕ್ಯಾರಿಯರ್ ಬಿಚ್ಚಿ ಎಲ್ಲರಿಗೂ ಬಡಿಸಿದರು, ಕಂಡಕ್ಟರನಿಗೂ.